ಡಿಸ್ನಿಲೋಕದ ಪಾಳಿಯಲ್ಲಿ

ಪ್ರವಾಸವು ಲೋಕಶಿಕ್ಷಣದ ಮುಖ್ಯ ಸಾಧನಗಳಲ್ಲಿ ಒಂದೆಂದು ನಮ್ಮ ವಿದ್ಯಾಗುರುಗಳು ಮಠದ ಪಾಠಶಾಲೆಯಲ್ಲಿ ಮೇಲಿಂದ ಮೇಲೆ ಹೇಳುತ್ತಿದ್ದರು. ಗ್ರಂಥದಲ್ಲಿ ಓದಿದ್ದು ಬುದ್ಧಿಗೆ ತಿಳಿಯುತ್ತದೆ, ಕಣ್ಣಾರೆ ಕಂಡದ್ದು ಮನಸ್ಸಿನಲ್ಲಿ ಉಳಿಯುತ್ತದೆ ಎಂಬುದು ಅವರ ಮಾತಿನ ಸಾರ. ಆ ಮಾತನ್ನು ನೆನೆಯುತ್ತ ನಾವು ಪುಣ್ಯಕ್ಷೇತ್ರಗಳನ್ನೂ, ಶಾಸನಗಳುಳ್ಳ ಹಳೆಯ ಗುಡಿಗಳನ್ನೂ, ಹಸ್ತಪ್ರತಿ ಭಾಂಡಾರಗಳನ್ನೂ ಸಾಕಷ್ಟು ಸುತ್ತಿದ್ದೇವೆ. ಈ ಸಲ ವಾಚಕರ ಮುಂದೆ ಇರಿಸುತ್ತಿರುವುದು ಮಕ್ಕಳ ಆಟನೋಟಗಳಿಗೆಂದು ಕಟ್ಟಿದ ಒಂದು ಊರಿನ ಕಥೆ. ಅರವತ್ತು ದಾಟಿದ ಪಂಡಿತನಿಗೆ ಆಟದ ತೋಟದಲ್ಲಿ ಏನು ಕೆಲಸವೆಂದು ಕೆಲವರು ನಕ್ಕಾರು. ನಾವೂ ಮೊದಲು ಹಾಗೆಯೇ ಅಂದುಕೊಂಡಿದ್ದೆವು. ಹೋಗಿ ಬಂದ ಮೇಲೆ ಅಲ್ಲಿ ಕಂಡ ಒಂದು ಸಂಗತಿ ನಮ್ಮನ್ನು ಬಿಡದೆ ಕಾಡಿದ್ದರಿಂದ ಈ ಬರಹ.

ನಮ್ಮ ತಂಗಿಯ ಮಗ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ ಇಂಜಿನಿಯರನಾಗಿದ್ದಾನೆ. 2024ರ ಡಿಸೆಂಬರಿನಲ್ಲಿ ತಂಗಿಯೂ ನಾವೂ ಅವನ ಮನೆಗೆ ಹೋಗಿದ್ದೆವು. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗೆ ಆರ್ಲಾಂಡೋ ಊರಿನ ಪಕ್ಕದ ವಾಲ್ಟ್ ಡಿಸ್ನಿ ವರ್ಲ್ಡ್ ತಲುಪಬಹುದು. ಏಳು ವರ್ಷದ ಮೊಮ್ಮಗಳಿಗೆ ಶಾಲೆಯ ರಜೆ. ಅಜ್ಜ ಅಜ್ಜಿಯರನ್ನು ತಾನೇ ಕೈಹಿಡಿದು ಎಲ್ಲವನ್ನೂ ತೋರಿಸಬೇಕೆಂಬ ಹಟ. ಹಾಗೆ ಹೊರಟೆವು. ಇದು ನಮಗೆ ಎರಡನೆಯ ಭೇಟಿ. 2004ರಲ್ಲಿ ಅಳಿಯ ಅಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಗ ಒಮ್ಮೆ ನಮ್ಮನ್ನು ಕರೆದೊಯ್ದಿದ್ದನು. ಇಪ್ಪತ್ತು ವರ್ಷಗಳ ಅಂತರದಲ್ಲಿ ಒಂದೇ ಸ್ಥಳವನ್ನು ಎರಡು ಸಲ ನೋಡುವ ಸುಯೋಗ ದೊರೆತದ್ದರಿಂದಲೇ ಅಲ್ಲಿಯ ಬದಲಾವಣೆ ನಮ್ಮ ಕಣ್ಣಿಗೆ ಬಿದ್ದಿತು.

ಜೌಗು ನೆಲದ ಮೇಲಿನ ಊರು

ವಾಲ್ಟ್ ಡಿಸ್ನಿ ಎಂಬ ಚಿತ್ರಕಾರ, ವ್ಯಂಗ್ಯಚಿತ್ರಗಳಿಗೆ ಜೀವ ತುಂಬಿ ಜಗತ್ಪ್ರಸಿದ್ಧನಾದವನು, 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದನು. ಒಂದೊಂದು ಕಥೆಗೆ ಒಂದೊಂದು ಕೇರಿ, ಒಂದೊಂದು ಕೇರಿಗೆ ತಕ್ಕ ಮನೆ, ಬಂಡಿ, ವೇಷ, ಹಾಡು, ಹೀಗೆ ಒಂದು ಕಲ್ಪನೆಯ ಸುತ್ತ ಹೆಣೆದ ವಿಹಾರಧಾಮಕ್ಕೆ ಥೀಮ್ ಪಾರ್ಕ್ ಎಂಬ ಹೆಸರು ರೂಢಿಗೆ ಬಂದಿತು. ಅದಕ್ಕಿಂತ ವಿಶಾಲವಾದುದನ್ನು ಕಟ್ಟಬೇಕೆಂದು ಫ್ಲಾರಿಡಾದ ಜೌಗು ಭೂಮಿಯನ್ನು ಗುಟ್ಟಾಗಿ ಬೇರೆ ಬೇರೆ ಹೆಸರಿನ ಸಂಸ್ಥೆಗಳ ಮೂಲಕ ಕೊಳ್ಳಿಸಿದನು. ಆದರೆ 1966ರ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಅಣ್ಣನಾದ ರಾಯ್ ಡಿಸ್ನಿ ಕೆಲಸವನ್ನು ಮುಂದುವರಿಸಿ, ತಮ್ಮನ ಪೂರ್ಣ ಹೆಸರನ್ನೇ ಊರಿಗೆ ಇಟ್ಟು, 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಸಿದನು. ತಮ್ಮನ ಕನಸನ್ನು ಅಣ್ಣ ಪೂರೈಸಿದ ಈ ಸಂಗತಿ ನಮ್ಮ ಮನಸ್ಸಿಗೆ ಹಿಡಿಸಿತು.

ಈಗ ಅಲ್ಲಿ ನಾಲ್ಕು ದೊಡ್ಡ ಉದ್ಯಾನಗಳಿವೆ. ಮೊದಲನೆಯದು ಮ್ಯಾಜಿಕ್ ಕಿಂಗ್‌ಡಮ್. 2023ರಲ್ಲಿ ಅದೊಂದನ್ನೇ ಸುಮಾರು 1 ಕೋಟಿ 77 ಲಕ್ಷ ಜನ ನೋಡಿದರೆಂದು ಅಂದಾಜು. ಕಾರನ್ನು ದೂರದಲ್ಲಿ ನಿಲ್ಲಿಸಿ, ಒಂದು ಕೆರೆಯನ್ನು ದೋಣಿಯಲ್ಲಿ ದಾಟಿ ಅಲ್ಲಿಗೆ ಹೋಗಬಹುದು. ಆ ಕೆರೆ ಮನುಷ್ಯರು ತೋಡಿದ್ದು. ಅದರಿಂದ ಎತ್ತಿದ ಮಣ್ಣಿನಿಂದಲೇ ಉದ್ಯಾನದ ನೆಲವನ್ನು ಎತ್ತರಿಸಿದ್ದಾರೆ. ನಾವು ನಡೆದಾಡುವ ಬೀದಿಗಳ ಅಡಿಯಲ್ಲಿ ಸುರಂಗದಂಥ ದಾರಿಗಳಿದ್ದು, ನೌಕರರು ಅಲ್ಲಿಂದಲೇ ಓಡಾಡುತ್ತಾರೆ. ಮೇಲಿನ ಗೊಂಬೆಯಾಟಗಳನ್ನು ಹಾಡಿಗೆ, ಬೆಳಕಿಗೆ ಹೊಂದಿಸಿ ನಡೆಸುವ ಗಣಕಯಂತ್ರಗಳನ್ನು ಮೊದಲಿನಿಂದಲೂ ಆ ನೆಲಮಾಳಿಗೆಯಲ್ಲಿಯೇ ಇಟ್ಟಿದ್ದರಂತೆ. ಆದ್ದರಿಂದ ಡಿಜಿಟಲ್ ತಂತ್ರಜ್ಞಾನ ಈ ಲೋಕಕ್ಕೆ ನಿನ್ನೆ ಮೊನ್ನೆ ಬಂದುದಲ್ಲ. ಮೊದಲು ಅದು ನೆಲದ ಅಡಿಯಲ್ಲಿತ್ತು, ಯಾತ್ರಿಕನಿಗೆ ಕಾಣುತ್ತಿರಲಿಲ್ಲ. ಈಗ ಅದು ಯಾತ್ರಿಕನ ಮಣಿಕಟ್ಟಿಗೂ ಅಂಗೈಗೂ ಬಂದು ಕುಳಿತಿದೆ.

ಕಾಗದದ ಚೀಟಿಯಿಂದ ಕೈಪಟ್ಟಿಗೆ

ಇಂಥ ಸ್ಥಳದಲ್ಲಿ ಮನುಷ್ಯ ಅತಿ ಹೆಚ್ಚು ಹೊತ್ತು ಮಾಡುವ ಕೆಲಸ ಯಾವುದೆಂದು ಕೇಳಿದರೆ, ಆಟವಾಡುವುದೆಂದು ಹೇಳುವಂತಿಲ್ಲ. ಅವನು ಹೆಚ್ಚಾಗಿ ಕಾಯುತ್ತಾನೆ. ಮೂರು ನಿಮಿಷದ ಸವಾರಿಗಾಗಿ ಒಂದು ಗಂಟೆ ಪಾಳಿ ಹಚ್ಚುವುದು ಅಲ್ಲಿ ಸಾಮಾನ್ಯ. ಹೀಗಾಗಿ ಹೊಸ ಯಂತ್ರಗಳು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಅಲ್ಲಿಯ ಪಾಳಿಯನ್ನು. ಇದರ ಇತಿಹಾಸವನ್ನು ಸ್ವಲ್ಪ ತಿಳಿಯುವುದು ಅವಶ್ಯ.

ಆರಂಭದ ವರ್ಷಗಳಲ್ಲಿ ಬಾಗಿಲ ಟಿಕೆಟ್ ಬೇರೆ, ಆಟಗಳ ಟಿಕೆಟ್ ಬೇರೆ ಇದ್ದವು. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ಮಿನ ಪ್ರವೇಶ ದರ ದೊಡ್ಡವರಿಗೆ ಮೂರೂವರೆ ಡಾಲರ್. ಒಳಗಿನ ಆಟಗಳನ್ನು ಎ, ಬಿ, ಸಿ, ಡಿ, ಇ ಎಂದು ವರ್ಗ ಮಾಡಿ ಒಂದೊಂದಕ್ಕೆ ಚೀಟಿ ಮಾರುತ್ತಿದ್ದರು. ಇ ವರ್ಗದ ಆಟವೆಂದರೆ ಎಲ್ಲಕ್ಕಿಂತ ಉತ್ತಮವಾದುದು. ಆದ್ದರಿಂದ ಹಳೆಯ ಕಾಲದಲ್ಲಿ ಎಲ್ಲವೂ ಸಮಾನವಾಗಿತ್ತೆಂದು ನಾವು ಹೇಳುವುದಿಲ್ಲ. 1980ರ ದಶಕದ ಆರಂಭದಲ್ಲಿ ಈ ಚೀಟಿಗಳ ಪದ್ಧತಿ ಹೋಗಿ, ಒಂದೇ ಟಿಕೆಟಿಗೆ ಎಲ್ಲ ಆಟಗಳೂ ತೆರೆದವು. ಬಾಗಿಲು ದಾಟಿದ ಮೇಲೆ ಸಿರಿವಂತನೂ ಸಾಮಾನ್ಯನೂ ಒಂದೇ ಪಾಳಿಯಲ್ಲಿ ನಿಲ್ಲಬೇಕಾಯಿತು. 1999ರಲ್ಲಿ ಫಾಸ್ಟ್‌ಪಾಸ್ ಎಂಬುದು ಬಂದಿತು. 2004ರಲ್ಲಿ ನಾವು ಕಂಡದ್ದು ಇದನ್ನೇ. ಆಟದ ಬಳಿ ನಿಲ್ಲಿಸಿದ ಯಂತ್ರಕ್ಕೆ ನಮ್ಮ ಟಿಕೆಟನ್ನು ತೂರಿಸಿದರೆ ಒಂದು ಕಾಗದದ ಚೀಟಿ ಹೊರಬರುತ್ತಿತ್ತು. ಇಂಥ ವೇಳೆಗೆ ಮರಳಿ ಬಾ, ಕಾಯದೆ ಒಳಗೆ ಹೋಗಬಹುದು ಎಂದು ಅದರಲ್ಲಿ ಮುದ್ರಿತವಾಗಿರುತ್ತಿತ್ತು. ಅದಕ್ಕೆ ಹಣವಿಲ್ಲ. ಎಲ್ಲರಿಗೂ ಒಂದೇ ನಿಯಮ. ಆಗ ತರುಣನಾಗಿದ್ದ ನಮ್ಮ ಅಳಿಯ ಮನೆಯವರೆಲ್ಲರ ಟಿಕೆಟುಗಳನ್ನು ಹಿಡಿದು ಉದ್ಯಾನದ ತುದಿಯಿಂದ ತುದಿಗೆ ಓಡಿ ಚೀಟಿ ತರುತ್ತಿದ್ದನು. ಕಾಲಿನಲ್ಲಿ ಕಸುವಿದ್ದವನಿಗೆ ಲಾಭ ಎಂದು ನಾವು ನಕ್ಕಿದ್ದೆವು.

2013ರಲ್ಲಿ ಮ್ಯಾಜಿಕ್‌ಬ್ಯಾಂಡ್ ಎಂಬ ಕೈಪಟ್ಟಿಯ ಪ್ರಯೋಗ ನಡೆದು, ಮರುವರ್ಷದ ಹೊತ್ತಿಗೆ ಎಲ್ಲೆಡೆ ಬಳಕೆಗೆ ಬಂದಿತು. ರಬ್ಬರಿನಂಥ ಆ ಪಟ್ಟಿಯೊಳಗೆ ರೇಡಿಯೋ ಅಲೆಗಳ ಮೂಲಕ ಗುರುತು ಹೇಳುವ ಪುಟ್ಟ ಚಿಪ್ಪು ಅಡಗಿದೆ. ಅದೇ ಟಿಕೆಟು, ಅದೇ ವಸತಿಗೃಹದ ಕೀಲಿಕೈ, ಅದೇ ಹಣದ ಚೀಲ. ಕಾಗದದ ಚೀಟಿ ಮಾಯವಾಗಿ, ವೇಳೆಯನ್ನು ಮೊಬೈಲಿನಲ್ಲಿಯೇ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಬಂದಿತು. ಈ ಯೋಜನೆಗೆ ಸುಮಾರು ನೂರು ಕೋಟಿ ಡಾಲರ್ ತಗಲಿತೆಂದು ಆಗಿನ ಪತ್ರಿಕೆಗಳು ಬರೆದವು. ಆದರೂ ಆ ಕಾಯ್ದಿರಿಸುವಿಕೆಗೆ ಪ್ರತ್ಯೇಕ ಶುಲ್ಕವಿರಲಿಲ್ಲ.

2020ರ ಮಾರ್ಚಿನಲ್ಲಿ ಮಹಾಮಾರಿಯ ಕಾರಣದಿಂದ ಉದ್ಯಾನಗಳು ಮುಚ್ಚಿ ಜುಲೈಯಲ್ಲಿ ತೆರೆದಾಗ ಆ ಉಚಿತ ಪದ್ಧತಿ ಮರಳಲಿಲ್ಲ. 2021ರ ಅಕ್ಟೋಬರಿನಲ್ಲಿ ಹಣ ಕೊಟ್ಟು ಕೊಳ್ಳುವ ಪದ್ಧತಿ ಅದರ ಸ್ಥಾನಕ್ಕೆ ಬಂದಿತು. 2024ರ ಜುಲೈಯಿಂದ ಅದಕ್ಕೆ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್, ಸಿಂಗಲ್ ಪಾಸ್ ಎಂಬ ಹೆಸರುಗಳಾದವು. ಮಿಂಚಿನ ದಾರಿ ಎಂದು ಕನ್ನಡಿಸಬಹುದು. ಅದರ ಬೆಲೆಯೂ ಒಂದೇ ಸಮನಾಗಿರುವುದಿಲ್ಲ. ಜನ ಹೆಚ್ಚಿದಂತೆ ಏರುತ್ತದೆ. 2024ರ ಶರತ್ಕಾಲದಲ್ಲಿ ಇನ್ನೂ ಮೇಲಿನ ಒಂದು ಪಾಸನ್ನು ಪ್ರಕಟಿಸಿದರು. ಅದನ್ನು ಕೊಂಡವನು ವೇಳೆಯ ಕಟ್ಟಿಲ್ಲದೆ, ಮನಸ್ಸು ಬಂದಾಗ ಒಂದೊಂದು ಆಟಕ್ಕೆ ಒಂದೊಂದು ಸಲ ನೇರವಾಗಿ ಒಳಗೆ ಹೋಗಬಹುದು. ಪ್ರಕಟಿಸಿದಾಗ ಹೇಳಿದ ಬೆಲೆ, ಉದ್ಯಾನ ಮತ್ತು ದಿನವನ್ನು ಅನುಸರಿಸಿ, ಒಬ್ಬರಿಗೆ ಒಂದು ದಿನಕ್ಕೆ 129ರಿಂದ 449 ಡಾಲರ್. ಇದು ಪ್ರವೇಶದ ಟಿಕೆಟಿನ ಹೊರತಾಗಿ. ಆ ಟಿಕೆಟೂ 2024ರಲ್ಲಿ ಅತಿ ದಟ್ಟಣೆಯ ದಿನಗಳಲ್ಲಿ 189 ಡಾಲರಿನವರೆಗೆ ಏರಿತ್ತು.

ಮೊಮ್ಮಗಳ ಪ್ರಶ್ನೆ

ಅಳಿಯ ನಮಗಾಗಿ ಮಲ್ಟಿ ಪಾಸ್ ಕೊಂಡಿದ್ದನು. ಡಿಸ್ನಿಯ ವಸತಿಗೃಹಗಳಲ್ಲಿ ಇಳಿದವರಿಗೆ ಏಳು ದಿನ ಮೊದಲು, ಹೊರಗಿನವರಿಗೆ ಮೂರು ದಿನ ಮೊದಲು ಬೆಳಗಿನ ಏಳು ಗಂಟೆಗೆ ಈ ಕಾಯ್ದಿರಿಸುವಿಕೆ ತೆರೆಯುತ್ತದೆ. ನಾವು ಸ್ನಾನ ಪೂಜೆ ಮುಗಿಸಿ ಬರುವಷ್ಟರಲ್ಲಿ ಅವನು ಊಟದ ಮೇಜಿನ ಮುಂದೆ ಕುಳಿತು, ಗಡಿಯಾರವನ್ನು ನೋಡುತ್ತ, ಏಳು ಹೊಡೆದ ಕೂಡಲೆ ಮೊಬೈಲಿನ ಮೇಲೆ ಬೆರಳಾಡಿಸಿ ಮೂರು ಆಟಗಳಿಗೆ ವೇಳೆ ಹಿಡಿದನು. ಹಬ್ಬದ ದಿನ ರೈಲಿನ ಟಿಕೆಟಿಗೆ ಕಾಯುವವರ ಕಾತರ ಅವನ ಮುಖದಲ್ಲಿತ್ತು. ತಂದೆ ತಾಯಿಯರ ವಯಸ್ಸಿನವರು ಬಿಸಿಲಿನಲ್ಲಿ ನಿಲ್ಲಬಾರದೆಂಬ ಅವನ ಅಕ್ಕರೆಯನ್ನು ನಾವು ಅಲ್ಲಗಳೆಯಲಾರೆವು.

ಉದ್ಯಾನದ ಬಾಗಿಲಲ್ಲಿ ಕೈಪಟ್ಟಿಯನ್ನು ಒಂದು ಕಂಬಕ್ಕೆ ತಾಗಿಸಿದೆವು. ಹಸಿರು ದೀಪ ಹೊತ್ತಿತು. ಮೊದಲು ಹೋದದ್ದು ಪೀಟರ್ ಪ್ಯಾನ್ಸ್ ಫ್ಲೈಟ್ ಎಂಬ ಆಟಕ್ಕೆ. 1971ರಿಂದಲೂ ಇರುವ ಪುಟ್ಟ ಆಟವದು. ಹಡಗಿನ ಆಕಾರದ ತೊಟ್ಟಿಲುಗಳು ಮೇಲಿನ ಹಳಿಯಿಂದ ಜೋತು, ರಾತ್ರಿಯ ಲಂಡನ್ ನಗರದ ಮೇಲೆ ತೇಲಿಹೋಗುತ್ತವೆ. ಎಡಕ್ಕೂ ಬಲಕ್ಕೂ ಎರಡು ದಾರಿಗಳು. ಒಂದರಲ್ಲಿ ಜನ ಕಿಕ್ಕಿರಿದು ನಿಂತಿದ್ದರು. ಮತ್ತೊಂದು ದಾರಿ ಬಹುಮಟ್ಟಿಗೆ ಬರಿದಾಗಿತ್ತು. ನಾವು ಹೊಕ್ಕದ್ದು ಬರಿದಾದ ದಾರಿಯನ್ನು. ಹೆಗಲ ಮೇಲೆ ಮಗುವನ್ನು ಹೊತ್ತ ತಂದೆಯೊಬ್ಬ ಪಾಳಿಯಿಂದ ನಮ್ಮನ್ನು ನೋಡಿದನು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನಮ್ಮ ಕೈಹಿಡಿದಿದ್ದ ಮೊಮ್ಮಗಳು ಕೇಳಿದಳು: "ಅಜ್ಜಾ, ಅವರು ನಮಗಿಂತ ಮೊದಲೇ ಬಂದಿದಾರಲ್ಲ? ಮತ್ತೆ ನಾವ್ಯಾಕೆ ಮೊದಲು ಹೋಗೋದು?"

ಅಳಿಯ ಸಹಜವಾಗಿ "ನಾವು ಬುಕ್ ಮಾಡೀವಿ ಪುಟ್ಟಿ" ಎಂದನು. ಮಗು ಸುಮ್ಮನಾಯಿತು. ಆದರೆ ಮೂರು ನಿಮಿಷದ ಆ ಹಾರಾಟದಲ್ಲಿ ಲಂಡನ್ ನಗರದ ದೀಪಗಳನ್ನು ನೋಡುವಾಗಲೂ ನಮ್ಮ ಕಣ್ಣ ಮುಂದೆ ಇದ್ದದ್ದು ಆ ತಂದೆಯ ಮುಖ. ನಿಯಮ ಮೀರಿ ನಾವು ಒಳಗೆ ಹೋಗಲಿಲ್ಲ, ಯಾರನ್ನೂ ತಳ್ಳಲಿಲ್ಲ. ಹಾಗಿದ್ದರೂ ಮನಸ್ಸಿನಲ್ಲಿ ಒಂದು ಮುಳ್ಳು ಆಡುತ್ತಿತ್ತು.

ಗೊಂಬೆಗಳು ಬದಲಾದ ಬಗೆ

ಅಲ್ಲಿಂದ ಹೊರಬಂದು ಉಳಿದ ನೋಟಗಳನ್ನು ಕಂಡೆವು. ಹಕ್ಕಿಗಳು ಹಾಡುವ ಟಿಕಿ ರೂಮ್ ಎಂಬ ಕೋಣೆಯಿದೆ. ಅದರ ಮೂಲ 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದದ್ದು. ಧ್ವನಿಗೆ ಹೊಂದಿಕೊಂಡು ಚಲಿಸುವ ಗೊಂಬೆಗಳ ವಿದ್ಯೆ ಅಲ್ಲಿಂದಲೇ ಪ್ರಸಿದ್ಧವಾಯಿತು. ಆಗ ಧ್ವನಿಮುದ್ರಣದ ಟೇಪಿನಲ್ಲಿ ಸಂಕೇತದ ನಾದಗಳನ್ನು ತುಂಬಿ, ಆ ನಾದದಿಂದ ವಿದ್ಯುತ್ತಿನ ಕೊಂಡಿ ಕೂಡಿಸಿ, ಗಾಳಿಯ ಒತ್ತಡದಿಂದ ಹಕ್ಕಿಯ ಕೊಕ್ಕನ್ನು ತೆರೆಸುತ್ತಿದ್ದರು. ಈಗ 2014ರ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್‌ನಲ್ಲಿ ಕುಳ್ಳರ ಗೊಂಬೆಗಳ ಮುಖವೇ ಒಂದು ಪರದೆ. ಒಳಗಿನಿಂದ ಬೆಳಕಿನ ಚಿತ್ರ ಬೀಳುತ್ತದೆ. ಕಣ್ಣು, ಹುಬ್ಬು, ತುಟಿಗಳೆಲ್ಲ ಜೀವವಿದ್ದಂತೆ ಆಡುತ್ತವೆ. ರಾತ್ರಿ ಕೋಟೆಯ ಗೋಡೆಗಳ ಮೇಲೆ ಅದೇ ಬಗೆಯ ಬೆಳಕಿನ ಚಿತ್ರ ಬಿಡುತ್ತಾರೆ. ಗೋಡೆ ಒಂದು ಕ್ಷಣ ಬಳ್ಳಿಯಾಗುತ್ತದೆ, ಮರುಕ್ಷಣ ಸಮುದ್ರವಾಗುತ್ತದೆ. ತೊಗಲುಗೊಂಬೆಯಾಟ ನೋಡಿ ಬೆಳೆದ ನಮಗೆ ಇವೆಲ್ಲ ಆ ಕಲೆಯ ದೂರದ ಬಂಧುಗಳಾಗಿ ಕಂಡವು.

ಎರಡನೆಯ ದಿನ ಹಾಲಿವುಡ್ ಸ್ಟುಡಿಯೋಸ್ ಎಂಬ ಇನ್ನೊಂದು ಉದ್ಯಾನದಲ್ಲಿ, 2020ರಲ್ಲಿ ತೆರೆದ ಮಿಕ್ಕಿ ಮತ್ತು ಮಿನ್ನಿಯ ರೈಲಿನಲ್ಲಿ ಕುಳಿತೆವು. ಹೊರಡುವಾಗ ಅದು ಒಂದರ ಹಿಂದೊಂದು ಡಬ್ಬಿಗಳುಳ್ಳ ರೈಲು. ಸ್ವಲ್ಪ ಮುಂದೆ ಹೋದ ಮೇಲೆ ಡಬ್ಬಿಗಳು ಕಳಚಿಕೊಂಡು ಹಳಿಯೇ ಇಲ್ಲದ ನೆಲದ ಮೇಲೆ ತಮ್ಮ ತಮ್ಮ ದಾರಿ ಹಿಡಿದವು. ಗಣಕಯಂತ್ರ ಒಂದೊಂದನ್ನೂ ಬೇರೆ ಬೇರೆಯಾಗಿ ನಡೆಸುತ್ತ, ಒಂದಕ್ಕೊಂದು ತಾಗದಂತೆ ಕುಣಿಸುತ್ತದೆ. ವಿದ್ಯೆ ಮೆಚ್ಚತಕ್ಕದ್ದೇ. ಆದರೆ ಒಂದೇ ಸಾಲಿನಲ್ಲಿ ಹೊರಟವರು ಹೀಗೆ ಬೇರೆ ಬೇರೆ ದಾರಿ ಹಿಡಿದದ್ದನ್ನು ಕಂಡಾಗ ಹಿಂದಿನ ದಿನದ ಎರಡು ದಾರಿಗಳು ನಮಗೆ ಮತ್ತೆ ನೆನಪಾದವು.

ಮೊದಲ ದಿನವೇ ನೋಡಿದ ಕೆರೌಸೆಲ್ ಆಫ್ ಪ್ರೋಗ್ರೆಸ್ ಎಂಬ ನಾಟಕಶಾಲೆಯ ವಿಷಯವನ್ನು ಇಲ್ಲಿ ಹೇಳಲೇಬೇಕು. 1964ರ ನ್ಯೂಯಾರ್ಕಿನ ವಿಶ್ವಮೇಳಕ್ಕಾಗಿ ಡಿಸ್ನಿ ಮಾಡಿಸಿದ್ದು, 1975ರಿಂದ ಫ್ಲಾರಿಡಾದಲ್ಲಿದೆ. ಅಲ್ಲಿ ರಂಗ ನಿಂತಿರುತ್ತದೆ, ಪ್ರೇಕ್ಷಕರ ಪೀಠಗಳು ಸುತ್ತುತ್ತವೆ. ಒಂದೇ ಕುಟುಂಬದ ಗೊಂಬೆಗಳು ಇಪ್ಪತ್ತನೆಯ ಶತಮಾನದ ಬೇರೆ ಬೇರೆ ಕಾಲಗಳಲ್ಲಿ ಮನೆಗೆ ಬಂದ ಹೊಸ ಯಂತ್ರಗಳನ್ನು ಕೊಂಡಾಡುತ್ತವೆ. ಕೊನೆಯ ದೃಶ್ಯದಲ್ಲಿ ಮಾತು ಕೇಳಿ ಕೆಲಸ ಮಾಡುವ ಒಲೆ ಇದೆ. ಮನೆಯವರು ಆಟದ ಅಂಕಗಳನ್ನು ಕೂಗಿ ಹೇಳಿದಾಗ, ಅದು ತನಗೆ ಹೇಳಿದ ಉಷ್ಣತೆಯೆಂದು ತಿಳಿದು ಬಿಸಿಯನ್ನು ಏರಿಸುತ್ತದೆ; ಹಬ್ಬದ ಅಡುಗೆ ಸುಟ್ಟು ಕರಕಾಗುತ್ತದೆ. ಯಂತ್ರ ಮಾತನ್ನು ಕೇಳಿತು, ಅರ್ಥವನ್ನು ತಿಳಿಯಲಿಲ್ಲ. ಈ ದೃಶ್ಯವನ್ನು ರಚಿಸಿದ್ದು 1990ರ ದಶಕದಲ್ಲಿ. ಇಂದು ಮಾತು ಕೇಳುವ ಯಂತ್ರ ಮನೆಮನೆಗೂ ಬಂದಿರುವಾಗ ಆ ವಿನೋದದಲ್ಲಿ ವಿವೇಕವೂ ಇದೆಯೆಂದು ನಮಗೆ ತೋರಿತು.

ಉಪಕಾರದ ಮಾತು

ಹೊಸದೆಲ್ಲ ಕೆಟ್ಟದ್ದೆನ್ನುವುದು ಪಂಡಿತರ ಲಕ್ಷಣವಲ್ಲ. ಯಂತ್ರದ ಉಪಕಾರವನ್ನೂ ಹೇಳಬೇಕು. ಮಧ್ಯಾಹ್ನದ ಊಟವನ್ನು ಅಳಿಯ ಮೊಬೈಲಿನಲ್ಲಿಯೇ ಹೇಳಿದನು. ಈ ಅನುಕೂಲ 2017ರಿಂದ ಇದೆ. 2004ರಲ್ಲಿ ಒಂದೊಂದು ಅಂಗಡಿಯ ಮುಂದೆ ನಿಂತು, ಇದರಲ್ಲಿ ಮಾಂಸವಿದೆಯೇ, ಮೊಟ್ಟೆಯಿದೆಯೇ ಎಂದು ಕೇಳಿ ಕೇಳಿ ಸಾಕಾಗಿ, ಕೊನೆಗೆ ಬರಿಯ ಹಣ್ಣು ತಿಂದು ದಿನ ಕಳೆದಿದ್ದೆವು. 2019ರಿಂದ ಅಲ್ಲಿಯ ಪಟ್ಟಿಗಳಲ್ಲಿ ಸಸ್ಯಮೂಲದ ಆಹಾರಕ್ಕೆ ಹಸಿರು ಎಲೆಯ ಗುರುತನ್ನು ಹಾಕುತ್ತಾರೆ. ನಮ್ಮ ದೇಶದ ಪೊಟ್ಟಣಗಳ ಮೇಲಿನ ಹಸಿರು ಚುಕ್ಕೆಯಂತೆಯೇ ಅದು. ತಂಗಿ ಕನ್ನಡಕ ಹಾಕಿಕೊಂಡು ಆ ಪಟ್ಟಿಯನ್ನು ಸಾವಕಾಶವಾಗಿ ನೋಡಿ, ನಿಃಶಂಕೆಯಿಂದ ಉಂಡಳು. ಆಟಿಸಂನಂಥ ಬೆಳವಣಿಗೆಯ ತೊಂದರೆಯುಳ್ಳ, ಗದ್ದಲದ ಪಾಳಿಯಲ್ಲಿ ಬಹಳ ಹೊತ್ತು ನಿಲ್ಲಲಾರದವರಿಗೆ, ಪ್ರತ್ಯೇಕ ಹಣವಿಲ್ಲದೆ ಮರಳಿ ಬರುವ ವೇಳೆಯನ್ನು ಕೊಡುವ ವ್ಯವಸ್ಥೆಯೂ ಇದೆ. ಅಂಥ ಮಗುವುಳ್ಳ ಮನೆಗೆ ಅದರ ಬೆಲೆ ತಿಳಿದಿರುತ್ತದೆ.

ಇದರ ಜೊತೆಗೆ ಯೋಚಿಸಬೇಕಾದ ಮಾತೂ ಒಂದಿದೆ. ಕೈಪಟ್ಟಿಯೂ ಮೊಬೈಲೂ ನಮಗೆ ದಾರಿ ತೋರಿಸುವಂತೆಯೇ, ನಾವು ಎಲ್ಲಿ ನಿಂತೆವು, ಏನು ಕೊಂಡೆವು ಎಂಬುದನ್ನು ಯಂತ್ರಕ್ಕೆ ತಿಳಿಸುತ್ತವೆ. 2021ರ ವಸಂತದಲ್ಲಿ ಮ್ಯಾಜಿಕ್ ಕಿಂಗ್‌ಡಮ್ಮಿನ ಬಾಗಿಲಲ್ಲಿ ಮುಖವನ್ನೇ ಗುರುತಿಸಿ ಒಳಬಿಡುವ ಪ್ರಯೋಗವನ್ನು ಒಂದು ತಿಂಗಳು ನಡೆಸಿದ್ದರು. ಅದಕ್ಕೆ ಒಪ್ಪುವುದೂ ಬಿಡುವುದೂ ಯಾತ್ರಿಕರ ಇಚ್ಛೆಗೆ ಸೇರಿತ್ತು. ಮಕ್ಕಳ ಮುಖವೂ ನಡೆನುಡಿಯೂ ಲೆಕ್ಕದ ವಸ್ತುವಾಗುವ ಕಾಲದಲ್ಲಿ, ಒಪ್ಪಿಗೆ ಕೊಡುವ ಮೊದಲು ತಿಳಿದು ಕೊಡುವುದು ತಂದೆ ತಾಯಿಗಳ ಹೊಣೆ.

ನೆರಳಿನ ಕೋಣೆ

ಸಂಜೆಯಾಗುವ ಹೊತ್ತಿಗೆ ಮೊಮ್ಮಗಳು ಪೀಟರ್ ಪ್ಯಾನನ ಹಡಗನ್ನು ಇನ್ನೊಮ್ಮೆ ಹತ್ತಬೇಕೆಂದಳು. ಮಲ್ಟಿ ಪಾಸಿನಲ್ಲಿ ಒಂದು ಆಟಕ್ಕೆ ದಿನಕ್ಕೆ ಒಂದೇ ಸಲ ಅವಕಾಶ. ಮೇಲಾಗಿ ಅಳಿಯನ ಮೊಬೈಲು ಆರಿಹೋಗಿತ್ತು. ರಾತ್ರಿ ಅದನ್ನು ಚಾರ್ಜಿಗೆ ಹಾಕಲು ಅವನೇ ಮರೆತಿದ್ದನು. ಪಾಳಿಯ ಮುಂದಿನ ಫಲಕದಲ್ಲಿ 65 ನಿಮಿಷ ಎಂದಿತ್ತು. ಅಳಿಯ ಅನುಮಾನಿಸಿದನು. ಆಗ ತಂಗಿಯೇ "ಅಣ್ಣಾ, ಪಾಳಿ ಹಚ್ಚಿದ್ರ ಏನಾತು? ಜಾತ್ರ್ಯಾಗ ತೊಟ್ಟಿಲಕ್ಕ ನಾವು ನಿಂತಿಲ್ಲೇನು?" ಎಂದಳು. ನಿಂತೆವು.

ನಿಂತ ಮೇಲೆ ಏನಾಯಿತೆಂಬುದನ್ನು ವಾಚಕರಿಗೆ ಹೇಳುವುದೇ ಈ ಬರಹದ ಮುಖ್ಯ ಉದ್ದೇಶ. ತಂಗಿ ಮೊಮ್ಮಗಳಿಗೆ ನಮ್ಮೂರ ಜಾತ್ರೆಯ ಕಥೆ ಹೇಳತೊಡಗಿದಳು. ಮರದ ತೊಟ್ಟಿಲಿಗೆ ನಾಲ್ಕಾಣೆ ಕೊಟ್ಟು ಹತ್ತಿದ್ದು, ಮೇಲೆ ಹೋದಾಗ ಅಣ್ಣ ಹೆದರಿ ಕಣ್ಣು ಮುಚ್ಚಿದ್ದು, ಇಳಿದ ಮೇಲೆ ಬೆಂಡು ಬತ್ತಾಸು ಕೊಂಡದ್ದು. ಅಣ್ಣನೆಂದರೆ ನಾವೇ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಬೆಳಗಿನಿಂದ ಮೊಬೈಲಿನಿಂದ ತಲೆಯೆತ್ತದಿದ್ದ ಅಳಿಯನೂ ಈಗ ಕೈ ಬರಿದಾಗಿ ಆ ಕಥೆಯನ್ನು ಕೇಳಿದನು. ತಾಯಿಯ ಬಾಯಿಂದ ಆ ಕಥೆಯನ್ನು ತಾನೂ ಕೇಳಿರಲಿಲ್ಲವೆಂದನು. ಮುಂದೆ ನಿಂತಿದ್ದ ಸ್ಪ್ಯಾನಿಷ್ ಮಾತಾಡುವ ಅಜ್ಜಿಯೊಬ್ಬರು ನಮ್ಮ ಮಗುವಿಗೆ ಬಿಸ್ಕತ್ತು ಕೊಟ್ಟರು. ತಂಗಿ ತನ್ನ ಚೀಲದಿಂದ ಮನೆಯಲ್ಲಿ ಮಾಡಿದ ಶೇಂಗಾ ಉಂಡೆ ತೆಗೆದು ಅವರ ಮೊಮ್ಮಕ್ಕಳಿಗೆ ಕೊಟ್ಟಳು. ಇಬ್ಬರಿಗೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಇಬ್ಬರೂ ತಮ್ಮ ಮೊಣಕಾಲು ಮುಟ್ಟಿ ತೋರಿಸಿ, ತಲೆಯಾಡಿಸಿ, ನೋವಿನ ವಿಚಾರವನ್ನೆಲ್ಲ ಹಂಚಿಕೊಂಡರು.

ಪಾಳಿ ಒಳಗೆ ಸರಿದಂತೆ ಒಂದು ಅಚ್ಚರಿ ಕಾದಿತ್ತು. ಪೀಟರ್ ಪ್ಯಾನನ ಕಥೆಯ ಮಕ್ಕಳು ಮಲಗುವ ಕೋಣೆಯನ್ನು ಅಲ್ಲಿ ಕಟ್ಟಿದ್ದಾರೆ. ಮಂದ ದೀಪ, ಹಾಸಿಗೆಗಳು, ಆಟಿಗೆಗಳು. ಗೋಡೆಯ ಮೇಲೆ ಕಾಯುವವರ ನೆರಳು ಬೀಳುತ್ತದೆ. ಆ ನೆರಳಿನ ಬಳಿ ಗಂಟೆಗಳ ನೆರಳೂ ಇದೆ. ನಮ್ಮ ಕೈಯ ನೆರಳು ತಾಗಿದರೆ ಗಂಟೆ ಬಾರಿಸುತ್ತದೆ. ಚಿಟ್ಟೆಗಳ ನೆರಳು ಹಾರಿಬಂದು ನಮ್ಮ ನೆರಳಿನ ಮೇಲೆ ಕುಳಿತುಕೊಳ್ಳುತ್ತದೆ. ಇದೂ ಡಿಜಿಟಲ್ ವಿದ್ಯೆಯೇ. 2015ರಲ್ಲಿ ಈ ಕೋಣೆಯನ್ನು ಪಾಳಿಗೆ ಸೇರಿಸಿದರು. ಮೊಮ್ಮಗಳು ಅಜ್ಜಿಯ ಕೈ ಎತ್ತಿಸಿದಳು. ಅಜ್ಜಿಯ ನೆರಳಿನ ಬೆರಳ ಮೇಲೆ ಚಿಟ್ಟೆ ಕುಳಿತಿತು. ಆ ಸ್ಪ್ಯಾನಿಷ್ ಅಜ್ಜಿಯ ಮೊಮ್ಮಗ ಗಂಟೆ ಬಾರಿಸಿದನು. ಯಾರ ನೆರಳು ಯಾರದೆಂದು ತಿಳಿಯದಂತೆ ಗೋಡೆಯ ಮೇಲೆ ಎಲ್ಲವೂ ಕೂಡಿಕೊಂಡಿತು.

ಬೆಳಗ್ಗೆ ಮಿಂಚಿನ ದಾರಿಯಲ್ಲಿ ಹೋದಾಗ ಈ ಕೋಣೆಯನ್ನು ನಾವು ಕಂಡಿರಲಿಲ್ಲ. ಅದು ಪಾಳಿಯಲ್ಲಿ ನಿಂತವರ ದಾರಿಯಲ್ಲಿ ಮಾತ್ರ ಇದೆ. "ಅಜ್ಜಾ, ಬೆಳಿಗ್ಗೆ ಇದು ನಮಗೆ ತಪ್ಪಿಹೋಯ್ತಲ್ಲ" ಎಂದು ಮೊಮ್ಮಗಳು ಹೇಳಿದಳು. ಮುಂಜಾನೆ ತಾನು ಕೇಳಿದ ಪ್ರಶ್ನೆಯನ್ನು ಅವಳು ಮರೆತಿರಬಹುದು; ನಾವು ಮರೆತಿರಲಿಲ್ಲ.

ಪಂಕ್ತಿಯ ಧರ್ಮ

ಪಂಕ್ತಿ ಎಂದರೆ ಸಾಲು. ಊಟಕ್ಕೆ ಕುಳಿತ ಸಾಲಿಗೂ ಅದೇ ಹೆಸರು. ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆ ಬಡಿಸಿದರೆ ಅದನ್ನು ಪಂಕ್ತಿಭೇದವೆಂದು ನಮ್ಮ ಹಿರಿಯರು ದೊಡ್ಡ ತಪ್ಪೆಂದೇ ಎಣಿಸಿದ್ದರು. ಮಠದ ಪ್ರಸಾದ ನಿಲಯದಲ್ಲಿ ಉಂಡು ಬೆಳೆದ ನಮ್ಮಂಥವರಿಗೆ ಆ ಪಾಠವನ್ನು ಯಾರೂ ಬಾಯಿಂದ ಹೇಳಿಕೊಡಲಿಲ್ಲ. ತಟ್ಟೆಯ ಮುಂದೆ ಕುಳಿತೇ ಕಲಿತೆವು. ಸಾಹುಕಾರರ ಮಗನಿಗೂ ಕೂಲಿಕಾರನ ಮಗನಿಗೂ ಅದೇ ನುಚ್ಚು, ಅದೇ ಸಾರು, ಅದೇ ಸರದಿ.

ಯಂತ್ರವು ಪಾಳಿಯನ್ನು ಬದಲಿಸುವ ಬಗೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಆಟದ ಬಂಡಿಗಳು ಗಂಟೆಗೆ ಒಂದು ಸಾವಿರ ಜನರನ್ನು ಒಯ್ಯುತ್ತವೆಂದು ಇಟ್ಟುಕೊಳ್ಳಿ. ಅದರಲ್ಲಿ ಏಳುನೂರು ಸ್ಥಾನಗಳನ್ನು ಹಣ ಕೊಟ್ಟವರಿಗೆ ಮೀಸಲಿಟ್ಟರೆ ಉಳಿಯುವುದು ಮುನ್ನೂರು. ಆರುನೂರು ಜನ ನಿಂತ ಪಾಳಿ ಕರಗಲು ಎರಡು ಗಂಟೆ ಬೇಕು. ಹಣ ಕೊಟ್ಟವರೂ ಆ ಪಾಳಿಗೇ ಬಂದು ಸೇರಿದ್ದರೆ ಪಾಳಿ ಉದ್ದವಾಗುತ್ತಿತ್ತು, ನಿಜ. ಆದರೆ ಕಾಯುವ ಹೊರೆ ಎಲ್ಲರ ಹೆಗಲಿಗೂ ಸಮನಾಗಿ ಬೀಳುತ್ತಿತ್ತು. ಮೊಬೈಲು ಎಷ್ಟೇ ಚುರುಕಾಗಿರಲಿ, ಬಂಡಿಯಲ್ಲಿ ಒಂದು ಸ್ಥಾನವನ್ನೂ ಅದು ಹೆಚ್ಚಿಸುವುದಿಲ್ಲ. ಒಬ್ಬನಿಗೆ ಉಳಿಸಿಕೊಟ್ಟ ಹೊತ್ತನ್ನು ಅದು ಇನ್ನೊಬ್ಬನಿಂದ ತೆಗೆದಿರುತ್ತದೆ. ಕಾಗದದ ಚೀಟಿಯ ಕಾಲದಲ್ಲಿ ಈ ತೆಗೆದು ಕೊಡುವಿಕೆ ಎಲ್ಲರಿಗೂ ಒಂದೇ ನಿಯಮದಿಂದ ನಡೆಯುತ್ತಿತ್ತು. ಈಗ ಅದಕ್ಕೊಂದು ಬೆಲೆ ಬಂದಿದೆ. ಬೆಳಿಗ್ಗೆ ಮನಸ್ಸಿನಲ್ಲಿ ಆಡಿದ ಮುಳ್ಳು ಇದೇ ಎಂದು ನಮಗೆ ಆಮೇಲೆ ತಿಳಿಯಿತು.

ಇದನ್ನು ದೂರದ ದೇಶದವರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. 2005ರಲ್ಲಿ ನಮ್ಮ ಬಿಡದಿಯ ಬಳಿ ತೆರೆದ ವಂಡರ್‌ಲಾದಲ್ಲಿಯೂ ಬೇಗ ಒಳಗೆ ಬಿಡುವ ಪ್ರತ್ಯೇಕ ಟಿಕೆಟು ದೊರೆಯುತ್ತದೆ. ಎಷ್ಟೋ ದೇವಾಲಯಗಳಲ್ಲಿ ಹಣದ ದರ್ಶನಕ್ಕೆ ಬೇರೆ ಸಾಲಿದೆ. ಅಲ್ಲಿ ನಾವೂ ನಿಂತಿದ್ದೇವೆ, ನೀವೂ ನಿಂತಿರಬಹುದು. ವ್ಯಾಪಾರದವರು ತಮ್ಮ ಖರ್ಚು, ಲಾಭಗಳ ಲೆಕ್ಕ ನೋಡಿ ಬೆಲೆ ಇಡುತ್ತಾರೆ. ವೃದ್ಧರಿಗೂ, ಅಶಕ್ತರಿಗೂ, ಕೈಗೂಸಿನ ತಾಯಂದಿರಿಗೂ ಬೇಗ ಹೋಗುವ ದಾರಿ ಬೇಕೇ ಬೇಕು, ಅದರಲ್ಲಿ ವಾದವಿಲ್ಲ. ನಾವು ಕೇಳುವ ಮಾತು ಮನೆಯ ಹಿರಿಯರಿಗೆ ಸಂಬಂಧಿಸಿದ್ದು. ಮುಂದೆ ಹೋಗುವುದೆಲ್ಲ ಕೊಳ್ಳಬಹುದಾದ ವಸ್ತು ಎಂದು ಏಳು ವರ್ಷದ ಮಗು ನಮ್ಮ ಕೈಹಿಡಿದುಕೊಂಡೇ ಕಲಿಯಬೇಕೇ? ಮಗು ಪ್ರಶ್ನೆ ಕೇಳಿದಾಗ ಹೇಳಲು ನಮ್ಮ ಬಳಿ ಬುಕ್ ಮಾಡಿದ್ದೇವೆ ಎಂಬುದಕ್ಕಿಂತ ಒಳ್ಳೆಯ ಉತ್ತರವಿರಬೇಡವೇ?

ಯಂತ್ರದಿಂದ ಎರಡು ಬಗೆಯ ಕೆಲಸ ನಡೆಯುವುದನ್ನು ಒಂದೇ ಆಟದ ಎರಡು ದಾರಿಗಳಲ್ಲಿ ನಾವು ಕಂಡೆವು. ಒಂದು ದಾರಿಯಲ್ಲಿ ಅದು ನಮ್ಮನ್ನು ಜನರಿಂದ ಬೇರ್ಪಡಿಸಿ ಬೇಗ ಒಳಗೆ ಕಳಿಸಿತು. ಇನ್ನೊಂದರಲ್ಲಿ ಅಪರಿಚಿತರ ನೆರಳುಗಳನ್ನು ಒಂದೇ ಗೋಡೆಯ ಮೇಲೆ ಕೂಡಿಸಿತು. ವಿದ್ಯೆ ಒಂದೇ, ಬಳಸಿದ ಮನಸ್ಸು ಬೇರೆ. ಹಾಗಾಗಿ ನಮ್ಮ ಮನೆಗಳ ತರುಣರು ಇಂಥ ಯಂತ್ರಗಳನ್ನು ಮಾಡುವ ಉದ್ಯೋಗದಲ್ಲಿದ್ದರೆ, ಕಾಯುವವನನ್ನು ಮರೆಯದೆ ಮಾಡಲಿ. ಪ್ರವಾಸಕ್ಕೆ ಹೋಗುವ ಕುಟುಂಬಗಳು ದಿನದಲ್ಲಿ ಒಂದಾದರೂ ಪಾಳಿಯಲ್ಲಿ ಮೊಬೈಲನ್ನು ಚೀಲಕ್ಕೆ ಹಾಕಿ, ಮಕ್ಕಳೊಡನೆ ನಿಂತು ಮಾತಾಡಲಿ.

ನಾವು ಊರಿಗೆ ಹೊರಡುವ ಹಿಂದಿನ ರಾತ್ರಿ ಮೊಮ್ಮಗಳು ಒಂದು ಚಿತ್ರ ಬರೆದು ಕೊಟ್ಟಳು. ಅದರಲ್ಲಿ ಕೋಟೆಯಿರಲಿಲ್ಲ, ಹಡಗೂ ಇರಲಿಲ್ಲ. ಕಪ್ಪು ಬಣ್ಣದಲ್ಲಿ ಬರೆದ ಐದಾರು ನೆರಳುಗಳು ಒಂದರ ಪಕ್ಕ ಒಂದು ನಿಂತಿದ್ದವು; ಒಂದರ ಬೆರಳ ಮೇಲೆ ಚಿಟ್ಟೆಯಿತ್ತು. ಕೆಳಗೆ ತನಗೆ ಬರುವಷ್ಟು ಕನ್ನಡದಲ್ಲಿ "ಅಜ್ಜಿ ಪಾಳಿ" ಎಂದು ಬರೆದಿದ್ದಳು. ಆ ಚಿತ್ರವನ್ನು ಮಡಚದೆ ಪುಸ್ತಕದ ನಡುವೆ ಇಟ್ಟುಕೊಂಡು ತಂದಿದ್ದೇವೆ. ಈಗ ಅದು ನಮ್ಮ ಓದುವ ಕೋಣೆಯಲ್ಲಿದೆ.